ಗುಂಡಿಯೊಳಗಿನ ನೀಲಿ ಅಂಗಿ

ಹುಲುಗೇಶನ ಫಜೀತಿಗೆಲ್ಲ ಕಾರಣ ಅವನ ಚಹಾದಂಗಡಿಯ ಮುಂದಿದ್ದ ಒಂದು ಗುಂಡಿ. ಸಂಡೂರು ದಾರಿಯ ಆ ಗುಂಡಿಯನ್ನು ಗಾದಿಲಿಂಗಪ್ಪನ ಪಕ್ಷದವರು ಸಸಿ ನೆಡಲು ತೋಡಿದ್ದರು. ಹೊಂಗೆ ನೆಟ್ಟು ಫೋಟೋ ಹೊಡೆಸಿಕೊಂಡರು, ಹೊಂಗೆ ಒಣಗಿತು. ಆಮೇಲೆ ಕೊಟ್ರಯ್ಯನ ಪಕ್ಷ ಗೆದ್ದಿತು. ಅವರೂ ಅದೇ ಗುಂಡಿಗೆ ಬೇವು ನೆಟ್ಟು ಫೋಟೋ ಹೊಡೆಸಿಕೊಂಡರು, ಬೇವೂ ಒಣಗಿತು. ನೀರು ಹಾಕುವ ಕೆಲಸ ಮಾತ್ರ ಯಾವ ಪಕ್ಷದ ಪಾಲಿಗೂ ಬರಲಿಲ್ಲ.

ಗಿರಾಕಿಗಳು ಬಿದ್ದು ಕಾಲು ಮುರಿದುಕೊಳ್ಳಬಾರದೆಂದು ಹುಲುಗೇಶ ಒಂದು ಕವಲುಕೊಂಬೆ ಕಡಿದು ತಂದು ಗುಂಡಿಯಲ್ಲಿ ನಿಲ್ಲಿಸಿದ. ತೋರಣಗಲ್ಲಿನ ಕಾರ್ಖಾನೆಗೆ ಗುತ್ತಿಗೆ ಕೆಲಸಕ್ಕೆ ಹೋಗುತ್ತಿದ್ದಾಗಿನ ತನ್ನ ನೀಲಿ ಅಂಗಿ ಅದಕ್ಕೆ ತೊಡಿಸಿ, ತಲೆಗೊಂದು ತೂತುಗಡಿಗೆ ಬೋರಲು ಹಾಕಿದ. ಲೋಟ ತೊಳೆದ ನೀರನ್ನು ದಿನಾ ಅದರ ಬುಡಕ್ಕೇ ಚೆಲ್ಲಿದ.

ಕೊಂಬೆ ನುಗ್ಗೆಯದು. ಚಿಗುರದೆ ಇರುತ್ತದೆಯೇ? ತೋಳುಗಳ ತುದಿಯಿಂದ ಹಸಿರು ಬೆರಳು ಹೊರಟವು. ಗಡಿಗೆಯ ತೂತಿನಿಂದ ಕೂದಲು ಇಳಿಯಿತು. ಅದಿರಿನ ಲಾರಿ ಹೋದಾಗಲೆಲ್ಲ ಕೆಂಧೂಳಿನಲ್ಲಿ ಆ ಆಕಾರ ಮುಳುಗುತ್ತಿತ್ತು. ಧೂಳು ಇಳಿದಾಗ ಬೇರೆ ಕಡೆ ಮುಖ ಮಾಡಿ ನಿಂತಂತೆ ಕಾಣುತ್ತಿತ್ತು. ಪಾಳಿ ಮುಗಿಸಿ ಬಸ್ಸಿಳಿದು ಚಹಾ ಕುಡಿಯುತ್ತಿದ್ದವರು ಅದಕ್ಕೆ ಹೆದರಿ ಒಬ್ಬೊಬ್ಬರಾಗಿ ಮುಂದಿನ ಊರಿನಲ್ಲಿ ಇಳಿಯತೊಡಗಿದರು. ಹಾಲು ಒಲೆಯ ಮೇಲೆ ಕೆನೆ ಕಟ್ಟಿ ಕೂತಿತು. ಹೀಗೇ ಆದರೆ ಅಂಗಡಿ ಮುಚ್ಚಬೇಕಿತ್ತು.

"ನುಗ್ಗಿಗಿಡ ಅಂದ್ರ ದೆವ್ವದ ಮನಿ. ಅದಕ್ಕ ನೀನು ಅಂಗಿ ಬ್ಯಾರೆ ಹೊಲಿಸಿಕೊಟ್ಟಂಗ ಮಾಡಿದಿ," ಅಂದಳು ಪಕ್ಕದಲ್ಲಿ ಮಿರ್ಚಿ ಕರಿಯುವ ಭರಮಮ್ಮ.

"ಈಗ ಏನ್ ಮಾಡ್ಲಿ, ಅತ್ತಿ?"

"ಅಂಗಿ ಯಾರದೈತೋ ಅವನ ಅದನ್ನ ಕೀಳಬೇಕು, ಹೊತ್ತು ಮುಳುಗೋದ್ರೊಳಗ. ಕೀಳೋವಾಗ ಮಾತ್ರ ಬಾಯಿ ಬಿಡಬ್ಯಾಡ. ಬಿಟ್ಟಿ ಅಂದ್ರ ನಿನ್ನ ಜಾಗ ಅದರದಾಗತೈತಿ."

ಹುಲುಗೇಶ ಬನಿಯನ್ನಿನಲ್ಲೇ ಗುಂಡಿಗಿಳಿದು ಅದನ್ನು ತಬ್ಬಿ ಎಳೆದ. ಕೆಳಗಿನಿಂದ ಯಾರೋ ಎಳೆಯುತ್ತಿದ್ದಾರೆ ಅನ್ನಿಸಿತು. ಗಾಳಿಗೆ ಅಂಗಿಯ ಒಂದು ತೋಳು ಹಾರಿ ಬಂದು ಅವನ ಕುತ್ತಿಗೆಗೆ ಸುತ್ತಿಕೊಂಡಿತು.

ಆಗಲೇ ಜೀಪು ಬಂದಿದ್ದು. ಎರಡು ಪಕ್ಷಗಳೂ ಪರಿಸರಕ್ಕೆ ಏನು ಮಾಡಿವೆ ಎಂದು ಹೋಲಿಸಿ ಬರೆಯಲು ಹೊಸಪೇಟೆಯಿಂದ ಬಂದಿದ್ದ ಪತ್ರಿಕೆಯ ಸುಕನ್ಯಾ ಇಳಿದಳು. ಹಿಂದೆಯೇ ಗಾದಿಲಿಂಗಪ್ಪ, ಕೊಟ್ರಯ್ಯ. ಬದುಕಿರುವ ಒಂದು ಗಿಡ ತೋರಿಸಿ ಎಂದು ಅವಳು ಕೇಳಿದ್ದೇ ತಪ್ಪಾಗಿ, ಇಬ್ಬರೂ ಬೆಳಗಿನಿಂದ ಸುತ್ತಿ ಬಾಡಿದ್ದರು.

"ಆ ಗುಡ್ಡದ ತುಂಬ ಸಸಿ ಹಚ್ಚಿದ್ವಿ, ಮೇಡಂ," ಅಂದ ಗಾದಿಲಿಂಗಪ್ಪ.

"ಯಾವ ಗುಡ್ಡ, ಸರ್?"

ಅವನ ಬೆರಳು ಬಯಲಿನತ್ತ ಚಾಚಿಯೇ ನಿಂತಿತು. "ಇಲ್ಲೇ ಇತ್ತಲ್ರೀ..."

"ಇವ್ರ ಕಾಲದಾಗ ಗುಡ್ಡಾನ ಲಾರಿ ಹತ್ತಿ ಹೋತು!" ಕೊಟ್ರಯ್ಯ ನಕ್ಕ.

"ನಮ್ಮ ಕಾಲದಾಗ ಅರ್ಧ ಹೋಗಿದ್ದು. ಉಳಿದರ್ಧ ನಿನ್ನ ಕಾಲದಾಗ ಹೋತು, ಲೇ! ಅರ್ಧ ಉಳಿಸಿದ್ದು ನಮ್ಮ ಸಾಧನಿ ಅಂತ ಬರ್ಕೊಳ್ರಿ, ಮೇಡಂ."

ಅಷ್ಟರಲ್ಲಿ ಇಬ್ಬರ ಕಣ್ಣಿಗೂ ಗುಂಡಿಯ ಹಸಿರು ಬಿತ್ತು. "ನಮ್ಮ ಗಿಡ!" ಎಂದು ಒಟ್ಟಿಗೇ ಕೂಗಿದರು. ಇಬ್ಬರೂ ಒಂದೇ ಮಾತಾಡಿದ್ದು ಅದೇ ಮೊದಲು.

"ನೀವು ನೆಟ್ಟಿದ್ದು ಹೊಂಗೆ, ಬೇವು ಅಂದ್ರಿ. ಇದು ನುಗ್ಗೆ," ಅಂದಳು ಸುಕನ್ಯಾ.

"ಮಣ್ಣಿನ ಗುಣ, ಮೇಡಂ," ಅಂದ ಕೊಟ್ರಯ್ಯ.

ಅವಳು ಹುಲುಗೇಶನ ಕಡೆ ಬಗ್ಗಿದಳು. "ಅಣ್ಣ, ಇದನ್ನ ಯಾರು ನೆಟ್ಟಿದ್ದು?"

ಹುಲುಗೇಶ ತುಟಿ ಬಿಗಿದು ತನ್ನ ಎದೆ ಬಡಿದುಕೊಂಡ.

"ನೋಡ್ರಿ, ಕಿತ್ತಿದ್ದು ತಾನ ಅಂತ ಎದಿ ಬಡಕೊಂಡು ಒಪ್ಕೊಂತಾನ!" ಅಂದ ಗಾದಿಲಿಂಗಪ್ಪ. "ಬೇಲಿ ಹಾಕಸ್ತೀನಿ. ತಂತಿ ನಂದು."

"ಕಂಬ ನಂದು," ಅಂದ ಕೊಟ್ರಯ್ಯ. "ಈ ಒಲಿ ಹೊಗಿ ಗಿಡಕ್ಕ ಆಗಂಗಿಲ್ಲ. ಅಂಗಡಿ ತೆಗಸ್ರಿ!"

ಇಬ್ಬರ ಆಳುಗಳೂ ಅಂಗಡಿಯ ಚಪ್ಪರದ ಹಗ್ಗಕ್ಕೆ ಕೈ ಹಾಕಿದರು. ಹುಲುಗೇಶನಿಗೆ ತಡೆಯಲಾಗಲಿಲ್ಲ.

"ಅದು ನಾನ ಹಚ್ಚಿದ್ದು!"

ನಾಯಕರು ಫೋಟೋಕ್ಕೆ ನಿಂತಿದ್ದರು, ಯಾರೂ ತಿರುಗಲಿಲ್ಲ. ಭರಮಮ್ಮ ಮಾತ್ರ ಮಿರ್ಚಿ ಎತ್ತುವ ಜಾಲರಿ ಸೌಟು ಹಿಡಿದುಕೊಂಡೇ ಕಣ್ಣು ಮುಚ್ಚಿದಳು. "ಬಾಯಿ ಬಿಟ್ಟೆಲ್ಲೋ..."

ಹೊರಡುವ ಮುನ್ನ ಸುಕನ್ಯಾ ಓದಿ ಹೇಳಿದಳು: "ಅವ್ರ ಪಕ್ಷದ್ದು ಒಂದು ಗಿಡ. ಇವ್ರ ಪಕ್ಷದ್ದೂ ಒಂದು ಗಿಡ."

"ಎರಡೂ ಸೇರಿ ಎಷ್ಟವ್ವ?" ಅಂದಳು ಭರಮಮ್ಮ.

"ಒಂದು."

ಹೊತ್ತು ಇಳಿಯಿತು. ಗುಂಡಿಯ ಜೊತೆ ಅಂಗಡಿಯಿದ್ದ ಜಾಗವೆಲ್ಲ ಈಗ ಬೇಲಿಯೊಳಗೆ. ಹುಲುಗೇಶ ರಸ್ತೆಯ ಈಚೆ, ತಣ್ಣನೆಯ ಒಲೆಯ ಪಕ್ಕ, ಬನಿಯನ್ನಿನಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ. ಬಸ್ಸು ನಿಂತಿತು. ಎಷ್ಟೋ ದಿನದ ಮೇಲೆ ಒಬ್ಬ ಹಳೆಯ ಗಿರಾಕಿ ಇಳಿದು, ಕಣ್ಣಿಗೆ ಬಿದ್ದ ಧೂಳು ಉಜ್ಜುತ್ತ, ನೀಲಿ ಅಂಗಿ ಕಂಡ ಕಡೆ ನಡೆದ.

"ಹುಲುಗೇಶಾ, ಒಂದು ಚಾ ಕೊಡಪಾ."

ಓಗೊಡಲು ಹುಲುಗೇಶ ಬಾಯಿ ತೆರೆದ. ಅಷ್ಟರಲ್ಲಿ ಬೇಲಿಯ ಒಳಗಿನಿಂದ, ಅವನದೇ ದನಿಯಲ್ಲಿ, ಯಾರೋ ಅಂದರು:

"ಬಂದೆ, ಕುಂದ್ರಿ."