ನಾನು ನೆಟ್ಟಗೆ ಸುತ್ತಿದ ಕೊಳವೆ

ಮಕ್ಕಳೇ, ನಾಲ್ಕು ಜನರ ಎದುರು ನನಗೆ ಮಾತು ಹೊರಡುವುದಿಲ್ಲ. ಮದುವೆ ಮನೆಯಲ್ಲೂ ಮೂಲೆ ಹುಡುಕಿ ಕೂರುವವಳು. ಆದರೆ ಊಟ, ಹರಟೆ ಮುಗಿದು ಚಾಪೆ ಸುತ್ತುವ ಹೊತ್ತು ಬಂತೆಂದರೆ ಇಡೀ ಧರ್ಮಪುರದಲ್ಲಿ ನನ್ನನ್ನು ಮೀರಿಸುವವರಿಲ್ಲ! ಅಂಚಿಗೆ ಅಂಚು ಕೂಡಿಸಿ ಸುತ್ತಿದರೆ ಎಳೆಯಷ್ಟೂ ಆಚೀಚೆ ಆಗದು. ಈ ಒಂದು ವಿದ್ಯೆಯ ಬಲದಿಂದ ನಾನು ವಿಜ್ಞಾನಕ್ಕೂ ಕೈ ಹಾಕಿದೆ.

ನಿಮ್ಮ ಸುಮಕ್ಕ ಚಿತ್ರದುರ್ಗದಲ್ಲಿ ಎಂ.ಎಸ್ಸಿ. ಓದುತ್ತಿದ್ದಾಳಲ್ಲ, ಭಾನುವಾರದ ರಜೆಗೆ ಬಂದವಳು ಕೋಳಿಗೂಡಿಗೆಂದು ತಂದಿಟ್ಟಿದ್ದ ತಂತಿ ಜಾಲರಿಯನ್ನು ಕೊಳವೆಯಂತೆ ಸುತ್ತುತ್ತಿದ್ದಳು.

"ಇದೇನವ್ವಾ?"

"ಕಾರ್ಬನ್ ನ್ಯಾನೋಟ್ಯೂಬಿನ ಮಾದರಿ ಅಜ್ಜಿ. ನಾಳೆ ಕಾಲೇಜಲ್ಲಿ ಪ್ರದರ್ಶನ ಐತೆ. ಬೆಂಗಳೂರಿಂದ ಒಬ್ರು ಮೇಡಂ ಬರ್ತಾರೆ. ಅವ್ರು ಮೆಚ್ಚಿದ್ರೆ ಅವ್ರ ಲ್ಯಾಬಲ್ಲಿ ಕಲಿಯಾಕೆ ಜಾಗ ಸಿಗ್ತೈತೆ."

ಮೊಬೈಲಿನ ಚಿಪ್ಪಿನೊಳಗೆ ಕೋಟಿಗಟ್ಟಲೆ ಸ್ವಿಚ್ಚುಗಳಿವೆಯಂತೆ. ಮರಳಿನಿಂದ ತೆಗೆದ ಸಿಲಿಕಾನಿನಲ್ಲಿ ಅವನ್ನು ಮಾಡುತ್ತಾರಂತೆ. ಇನ್ನೂ ಚಿಕ್ಕದು ಮಾಡುವುದು ಕಷ್ಟವಾಗುತ್ತಿದೆಯಂತೆ. ಅದಕ್ಕೇ ಈ ಇಂಗಾಲದ ಕೊಳವೆಯ ಹುಡುಕಾಟ.

"ನಿನ್ನ ಒಲೆ ಮಸಿನಾಗಿರೋ ಇಂಗಾಲಾನೇ ಅಜ್ಜಿ. ಈ ಜಾಲರಿಯ ಒಂದೊಂದು ಗಂಟೂ ಒಂದೊಂದು ಪರಮಾಣು ಅನ್ಕೋ. ನಿಜವಾದ್ದು ನಿನ್ನ ಕೂದಲಿಗಿಂತ ಸಾವಿರಾರು ಪಟ್ಟು ಸಣ್ಣ."

ನಾನು ಒಂದು ನರೆಗೂದಲು ಕಿತ್ತು ಬೆಳಕಿಗೆ ಹಿಡಿದು ನೋಡಿದೆ. ಮೈ ಜುಮ್ಮೆಂದಿತು. ಪಾತ್ರೆಯ ತಳದಿಂದ ಉಜ್ಜಿ ಉಜ್ಜಿ ಬಚ್ಚಲಿಗೆ ಬಿಟ್ಟ ಮಸಿಗೆ ಇಂಥ ಮಹಿಮೆಯೇ!

ಆದರೆ ಸುಮ ಅದನ್ನು ಓರೆಯಾಗಿ ಸುತ್ತಿದ್ದಳು. ಒಂದು ಮೂಲೆ ಮೇಲೆ, ಒಂದು ಮೂಲೆ ಕೆಳಗೆ. ಇಂಥ ಮಹಿಮೆಯ ವಸ್ತು ಸೊಟ್ಟಗೆ ಪ್ರದರ್ಶನಕ್ಕೆ ಹೋಗುವುದೇ? ಮಾರನೆಯ ಬೆಳಿಗ್ಗೆ ಅವಳು ಸ್ನಾನಕ್ಕೆ ಹೋದಾಗ ಬಿಚ್ಚಿದೆ. ಅಂಚಿಗೆ ಅಂಚು ಕೂಡಿಸಿದೆ. ನೆಟ್ಟಗೆ ಸುತ್ತಿ ಕಟ್ಟಿದೆ. ಬಸ್ಸಿನಲ್ಲಿ ಯಾರಿಗೂ ಚುಚ್ಚದಿರಲೆಂದು ಹಳೆಯ ಸೀರೆಯನ್ನೂ ಹೊದಿಸಿದೆ. ಮಾಡಿದ ಉಪಕಾರವನ್ನು ಹೇಳಿಕೊಳ್ಳಬಾರದಲ್ಲವೇ? ಹೇಳಲಿಲ್ಲ!

ಪ್ರದರ್ಶನ ನೋಡಲೆಂದು ನಾನೂ ಸುಮಳ ಜೊತೆ ಹೊರಟೆ. ಬಸ್ಸಿನಲ್ಲಿ ಅದನ್ನು ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡೆ. ಕಂಡಕ್ಟರು ಸೀರೆಯಿಂದ ಇಣುಕಿದ ಜಾಲರಿ ನೋಡಿ, "ಅಜ್ಜಿ, ನಿಮಗೆ ಫ್ರೀ ಐತೆ. ಒಳಗಿರೋ ಕೋಳಿಗೆ ಟಿಕೆಟ್ ತಗಳ್ರಿ," ಎಂದ.

"ಕೋಳಿ ಅಲ್ಲಪ್ಪ, ಕಂಪ್ಯೂಟರು!" ಎಂದೆ.

ಇಡೀ ಬಸ್ಸು ನಕ್ಕಿತು. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ.

ತಲುಪುವಾಗ ತಡವಾಗಿತ್ತು. ಕೊಳವೆಗೆ ಹೊದಿಸಿದ್ದ ಸೀರೆ ತೆಗೆದು ಸುಮ ಅದನ್ನು ಮೇಜಿನ ಮೇಲಿಡುವಷ್ಟರಲ್ಲಿ ಮೇಡಂ ಎದುರಿಗೇ ಬಂದರು. ಕನ್ನಡಕ ಏರಿಸಿ ನೋಡಿದರು.

"ಇದು ಲೋಹದ ಥರ ಇರೋ ಟ್ಯೂಬ್ ಅಲ್ವೇನಮ್ಮ? ಇದರಲ್ಲಿ ಕರೆಂಟು ಹರೀತಾನೇ ಇರುತ್ತೆ, ಆರಿಸೋಕಾಗಲ್ಲ. ನೀನು ಚಿಪ್ಪಿನ ಸ್ವಿಚ್ಚು ಅಂತ ಬರೆದಿದ್ದೀಯಲ್ಲ?"

ಸುಮಳ ಮುಖ ಬಿಳಿಚಿತು. "ನಾನು ಲೆಕ್ಕ ಹಾಕೇ ಓರೆ ಸುತ್ತಿದ್ದೆ ಮೇಡಂ..." ಎಂದವಳ ಕಣ್ಣು ನಿಧಾನವಾಗಿ ನನ್ನತ್ತ ತಿರುಗಿತು. ಅಲ್ಲಿದ್ದವರ ಕಣ್ಣೆಲ್ಲ ತಿರುಗಿತು.

ಜನ್ಮದಲ್ಲಿ ಮೊದಲ ಸಲ ಸಭೆಯಲ್ಲಿ ನನ್ನ ಬಾಯಿ ತೆರೆಯಿತು. "ನಾನೇ ಮೇಡಂ. ಸೊಟ್ಟ ಐತೆ ಅಂತ ನೆಟ್ಟಗೆ ಮಾಡ್ದೆ."

ಮೇಡಂ ನಗಲಿಲ್ಲ. "ಎಲ್ಲಿ, ಇಲ್ಲೇ ಓರೆ ಸುತ್ತಿ ತೋರಿಸಮ್ಮ," ಎಂದರು ಸುಮಳಿಗೆ.

ಸುಮ ಜಾಲರಿ ಬಿಚ್ಚಿ ಮತ್ತೆ ಸುತ್ತುತ್ತಾ ವಿವರಿಸತೊಡಗಿದಳು. ನಾನು ಇನ್ನೊಂದು ತುದಿ ಹಿಡಿದೆ. ಕೈ ತಾನಾಗಿ ಅಂಚಿಗೆ ಅಂಚು ಕೂಡಿಸಲು ಹೊರಟಿತು!

"ಅಜ್ಜಿ, ಕೈ ಬಿಡು!"

ಬಿಟ್ಟೆ. ಅದೇ ಜಾಲರಿ, ಅದೇ ಗಂಟು. ಸುತ್ತುವ ಓರೆ ಬದಲಾದರೆ ವಸ್ತುವಿನ ಗುಣವೇ ಬದಲಾಗುತ್ತದಂತೆ. ನೆಟ್ಟಗಿದ್ದಾಗ ಬರೀ ಕರೆಂಟಿನ ತಂತಿಯಂತಿದ್ದದ್ದು, ಅವಳು ಲೆಕ್ಕ ಹಾಕಿದಷ್ಟು ಓರೆಯಾದಾಗ ಹೊತ್ತಿಸಿ ಆರಿಸುವ ಸ್ವಿಚ್ಚಾಗುತ್ತದಂತೆ. ಕಣ್ಣಿಗೆ ಕಾಣದಷ್ಟು ಸಣ್ಣದರೊಳಗೂ ಇಷ್ಟೊಂದು ಕಟ್ಟುನಿಟ್ಟೇ! ನನಗೆ ಅರಿವಿಲ್ಲದೆ ಕೋಳಿ ಜಾಲರಿಗೆ ಕೈ ಮುಗಿದಿದ್ದೆ.

"ಎರಡೂ ಬಗೆ ಸುತ್ತಿ ತೋರಿಸಿದವಳು ನೀನೊಬ್ಬಳೇ. ಲ್ಯಾಬಿಗೆ ಬಾ," ಎಂದರು ಮೇಡಂ. ನನ್ನತ್ತ ನೋಡಿ, "ಅಜ್ಜೀನ ಮಾತ್ರ ಕರ್ಕೊಂಡು ಬರಬೇಡ!" ಎಂದರು.

ಊರಿಗೆ ಬಂದ ಮಾರನೆಯ ಬೆಳಿಗ್ಗೆ ಜಗಲಿಯಲ್ಲಿ ಕೂತು ನನ್ನ ಚಾಪೆಯನ್ನೂ ಓರೆಯಾಗಿ ಸುತ್ತಿ ನೋಡಿದೆ. ಏನಾದರೂ ಬೇರೆ ಆದೀತೇ ಎಂದು. ಏನೂ ಆಗಲಿಲ್ಲ. ಹಾದಿಯಲ್ಲಿ ಹೋಗುತ್ತಿದ್ದ ಪಕ್ಕದ ಮನೆ ಗಂಗಮ್ಮ ನಿಂತು ನೋಡಿ ಲೊಚಗುಟ್ಟಿದಳು.

"ಅಯ್ಯೋ ಅಕ್ಕ, ನಿನಗೆ ಬರ್ತಿದ್ದದ್ದು ಅದೊಂದೇ. ಅದೂ ಹೋತಾ?"