ಮಾಸ್ತರರ ತೊಡೆ, ಬೀಗರ ಟ್ರ್ಯಾಕ್ಟರ್

ಯಾದಗಿರಿ, ಶಹಾಪುರ, ಸುರಪುರ, ಈ ಮೂರೂ ಊರಿನೊಳಗೆ ನಾನು ಒಮ್ಮೆ ಕೈಯಿಟ್ಟ ಲ್ಯಾಪ್‌ಟಾಪ್ ಮತ್ತೆ ಬಿಸಿಯಾದದ್ದೇ ಇಲ್ಲ. ಇದು ಸುಳ್ಳು. ಮೊನ್ನೆ ನಾನು ರಿಪೇರಿ ಮಾಡಿ ಕಳಿಸಿದ ಒಂದರ ಮೇಲೆ ಗಿರಾಕಿಯ ಹೆಂಡತಿ ಹಪ್ಪಳ ಒಣಗಿಸಿಕೊಂಡಿದ್ದಾಳೆ.

ಶಹಾಪುರದ ಬಸ್ ಸ್ಟ್ಯಾಂಡಿನ ಹಿಂದೆ, ನಾವೀಗ ಕೂತು ಚಹಾ ಕುಡಿಯುತ್ತಿರುವ ಈ ಹೋಟೆಲಿನ ಮಗ್ಗುಲಿಗೇ ನನ್ನ ರಿಪೇರಿ ಅಂಗಡಿ. ಇಂಥ ಪ್ರಸಂಗಗಳೆಲ್ಲ ನಿಮ್ಮ ಹತ್ತಿರಾನೇ ಯಾಕೆ ಹುಡುಕಿಕೊಂಡು ಬರುತ್ತವೆ ಅಂತ ನನ್ನ ಮನೆಯಾಕೆ ಕೇಳುತ್ತಿರುತ್ತಾಳೆ. ನಾನು ಹೇಳುವುದಿಷ್ಟೆ: ನಮ್ಮ ಕಡೆ ಬೇಸಿಗೆ ಬರುವುದಿಲ್ಲ, ಇಲ್ಲೇ ಮನೆ ಮಾಡಿಕೊಂಡಿದೆ. ಆಗೊಮ್ಮೆ ಈಗೊಮ್ಮೆ ಪರ ಊರಿಗೆ ಹೋಗಿ ಬರುತ್ತದೆ, ಅಷ್ಟೆ. ಅಂಥ ಬಿಸಿಲಿನ ಮಂದಿ ಇನ್ನೊಂದು ಬಿಸಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಆಟ ಆಡಿದರೆ ಪ್ರಸಂಗ ಆಗದೆ ಇನ್ನೇನು ಆಗಬೇಕು?

೧. ನಾಲ್ಕು ಮಡಿಕೆಯ ಕೌದಿ

ಸುರಪುರದ ಒಂದು ಹೈಸ್ಕೂಲಿನ ಪಿ.ಟಿ. ಮಾಸ್ತರರು ಅಂಗಡಿಗೆ ಬಂದರು. ಇಪ್ಪತ್ತೈದು ವರ್ಷ ಹುಡುಗರನ್ನು ಬಿಸಿಲಿನಲ್ಲಿ ಓಡಿಸಿದ ಮನುಷ್ಯ, ಈಗ ಕಂಪ್ಯೂಟರಿನೊಳಗೆ ಟ್ರ್ಯಾಕ್ಟರ್ ಓಡಿಸುತ್ತಾರೆ. ಆಟ ಸರಳ. ಹತ್ತಿ ತುಂಬಿದ ಟ್ರಾಲಿ ಕಟ್ಟಿಕೊಂಡು ಗುಡ್ಡ ಹತ್ತಬೇಕು, ಎದುರಾಳಿಗಿಂತ ಮೊದಲು ತುದಿ ಮುಟ್ಟಬೇಕು. ಅದಕ್ಕೆಂದೇ ಹೈದರಾಬಾದಿನಿಂದ ಸೆಕೆಂಡ್ ಹ್ಯಾಂಡ್ ಗೇಮಿಂಗ್ ಲ್ಯಾಪ್‌ಟಾಪ್ ತರಿಸಿದ್ದರು.

ದೂರು ಏನೆಂದರೆ, ಮೊದಲ ಹದಿನೈದು ನಿಮಿಷ ಟ್ರ್ಯಾಕ್ಟರ್ ಹಾರುತ್ತದೆ. ಆಮೇಲೆ ಫ್ಯಾನು ಹಿಟ್ಟಿನ ಗಿರಣಿಯಂತೆ ಒದರುತ್ತದೆ, ಚಿತ್ರ ತಡೆತಡೆದು ಬರುತ್ತದೆ, ಟ್ರ್ಯಾಕ್ಟರ್ ಏರಿನ ನಡುವೆ ನಿಂತು ಮುದಿ ಎತ್ತಿನ ಹಾಗೆ ಯೋಚನೆ ಮಾಡುತ್ತದೆ.

ಹೇಗೆ ಕೂತು ಆಡುತ್ತೀರಿ ಅಂತ ಕೇಳಿದೆ. ಹೊರಸಿನ ಮೇಲೆ ಚಕ್ಕಳಬಕ್ಕಳ ಹಾಕಿ ಕೂಡುತ್ತಾರಂತೆ. ತೊಡೆ ಸುಡುತ್ತದೆಂದು ಹಳೆ ಸೀರೆ ಹೊಲಿದ ಕೌದಿಯನ್ನು ನಾಲ್ಕು ಮಡಿಕೆ ಮಾಡಿ ಹಾಸಿಕೊಂಡು ಅದರ ಮೇಲೆ ಲ್ಯಾಪ್‌ಟಾಪ್ ಇಡುತ್ತಾರಂತೆ. ತಿರುವಿ ನೋಡಿದರೆ ತಳದ ಗಾಳಿಕಿಂಡಿಯ ತುಂಬ ಕೌದಿಯ ದಾರ, ಅದೂ ಬಣ್ಣಬಣ್ಣದ್ದು. ನಾನು ತಿಳಿಸಿ ಹೇಳಿದೆ. ಇದಕ್ಕೆ ಮೂಗು ಹೊಟ್ಟೆಯ ಕೆಳಗಿದೆ. ಮೂಗು ಮುಚ್ಚಿದರೆ ಬಿಸಿ ಏರುತ್ತದೆ. ಬಿಸಿ ಏರಿದರೆ ಸುಟ್ಟುಹೋಗಬಾರದೆಂದು ತಾನಾಗಿಯೇ ಕೆಲಸ ನಿಧಾನ ಮಾಡುತ್ತದೆ. ನಿಮ್ಮ ಹುಡುಗರು ಬಿಸಿಲಲ್ಲಿ ಓಡುವಾಗ ಕುಂಟುತ್ತಾರಲ್ಲ, ಹಾಗೆ.

"ಅವರಿಗೆ ಸೀಟಿ ಊದ್ತೀನಿ. ಇದಕ್ಕ ಏನ್ ಊದ್ಲಿ?" ಅಂದರು.

ಮೇಜಿನ ಮೇಲೆ ಇಟ್ಟು ಆಡಿ ಅಂದೆ. ಆಗುವುದಿಲ್ಲವಂತೆ. "ಮೇಜಿನ ಮುಂದ ಕುಂತ್ರ ಇನ್ಸ್‌ಪೆಕ್ಷನ್ ಬಂದಂಗ ಆಗತದ್ರಿ. ತೊಡಿ ಮ್ಯಾಲ ಇದ್ರೇ ಅದು ನಂದು ಅನಸತದ."

ಕೌದಿ ತೆಗೆದರೆ ತೊಡೆ ಸುಡುತ್ತದೆ, ಇಟ್ಟರೆ ಯಂತ್ರ ಸುಡುತ್ತದೆ, ಇದು ನಿಮ್ಮ ಹಣೆಬರಹ ಅಂದೆ. ಮಾಸ್ತರರಿಗೆ ಸಿಟ್ಟು ಬಂತು. "ಹಂಗಾರ ಎಲ್ಲಿ ಇಡ್ಲಿ, ನಿಮ್ಮ ತಲಿ ಮ್ಯಾಲ ಇಡ್ಲೇನು?"

ನನ್ನ ತಲೆಯ ಮೇಲೆ ಕೂದಲಿಲ್ಲ, ಗಾಳಿ ಚಲೋ ಆಡುತ್ತದೆ. ಆದರೆ ಈ ಮಾತು ನಾನು ಬಾಯಿಬಿಟ್ಟು ಹೇಳಲಿಲ್ಲ. ಮನುಷ್ಯ ಇಟ್ಟೇಬಿಟ್ಟಾನು ಅಂತ ಅಂಜಿಕೆ.

೨. ಬೇವಿನ ಗಿಡದ ಕೆಳಗೆ

ಕಿಂಡಿ ಸ್ವಚ್ಛ ಮಾಡಿ ಕೊಟ್ಟೆ. ಅಲ್ಲಿಗೆ ನನ್ನ ಕೆಲಸ ಮುಗಿದಿತ್ತು. ಆದರೆ ನನ್ನ ನಾಲಿಗೆಗೆ ಒಂದು ಹುಳ ಇದೆ, ಸುಮ್ಮನಿರಲು ಬಿಡುವುದಿಲ್ಲ. ಮುಖ ಗಂಭೀರ ಮಾಡಿ, ಮಾಸ್ತರ್ರ, ಎತ್ತನ್ನು ಬಂಡಿಗೆ ಹೂಡುವ ಮೊದಲು ನೆರಳಿಗೆ ಕಟ್ಟುತ್ತೀರೋ ಇಲ್ಲೋ ಅಂತ ಕೇಳಿದೆ. ಒಕ್ಕಲುತನದ ಮನೆಯವರು, ಹೌದು ಅಂದರು. ಇದೂ ಭಾರ ಎಳೆಯುವ ಯಂತ್ರವೇ, ಆಟಕ್ಕಿಂತ ಮೊದಲು ಅರ್ಧ ತಾಸು ನೆರಳಿಗೆ ಬಿಡಿ ಅಂದೆ.

ಮಾಸ್ತರರು ಅಂದಿನಿಂದ ಶಾಲೆ ಬಿಟ್ಟು ಬಂದವರೇ ಮನೆಯ ಮುಂದಿನ ಬೇವಿನ ಗಿಡದ ಕೆಳಗೆ ಒಂದು ಸ್ಟೂಲ್ ಇಟ್ಟು, ಅದರ ಮೇಲೆ ಲ್ಯಾಪ್‌ಟಾಪ್ ಇಟ್ಟು, ನೊಣ ಕೂಡಬಾರದೆಂದು ಟಾವೆಲ್ ಹೊದಿಸಿ ಪಕ್ಕದಲ್ಲಿ ಕಾಯುತ್ತ ಕೂತರು. ಓಣಿಯವರು ಬಂದು ಇದಕ್ಕೇನು ಆರಾಮಿಲ್ಲೇನು ಅಂತ ವಿಚಾರಿಸಿದರು. ಒಬ್ಬ ಮುದುಕ ಅದರ ಬೆನ್ನ ಮೇಲೆ ಕೈಯಿಟ್ಟು, ಜ್ವರ ಇಳಿದಿದೆ ಅಂತ ಸಮಾಧಾನ ಹೇಳಿ ಹೋದ.

ಮೋಜು ಏನೆಂದರೆ, ನೆರಳಿಗೆ ಬಿಟ್ಟ ದಿನ ಟ್ರ್ಯಾಕ್ಟರ್ ಎರಡು ನಿಮಿಷ ಹೆಚ್ಚಿಗೆ ಓಡುತ್ತದೆ ಅಂತ ಮಾಸ್ತರರು ಆಣೆ ಮಾಡಿ ಹೇಳತೊಡಗಿದರು. ನನ್ನ ಸುಳ್ಳುಗಳಿಗೆ ಈ ಒಂದು ಕೆಟ್ಟ ಚಾಳಿ ಇದೆ, ಅರ್ಧ ನಿಜ ಆಗಿಬಿಡುತ್ತವೆ.

ಮೂರನೇ ದಿನ ಮಾಸ್ತರರ ಹೆಂಡತಿ ಕೈಯಲ್ಲಿ ಚರಿಗೆ ಹಿಡಿದು ಗಿಡದ ಹತ್ತಿರ ಬಂದಳಂತೆ. ಶಾಂತವಾಗಿ ಕೇಳಿದಳಂತೆ, "ಇದನ್ನ ಎಷ್ಟು ಗಂಟಿಗೆ ಹಿಂಡಬೇಕ್ರಿ?"

೩. ಮದುವೆ ಯಾವ ಊರಿನಲ್ಲಿ

ಇಷ್ಟರಲ್ಲಿ ಮಾಸ್ತರರ ಮಗಳ ಮದುವೆ ಗಟ್ಟಿಯಾಯಿತು. ಹುಡುಗ ಯಾದಗಿರಿಯವನು. ಅವನ ಅಪ್ಪನದು ತೊಗರಿ ದಲಾಲಿಯ ಅಡತಿ ಅಂಗಡಿ. ಹುಡುಗ ಹುಡುಗಿ ಒಪ್ಪಿದ್ದರು, ಸೀರೆ ಬಂಗಾರ ಎಲ್ಲ ಮಾತಾಗಿತ್ತು. ಒಂದೇ ಒಂದು ಉಳಿದಿತ್ತು, ಊರು. ಬೀಗರು ಯಾದಗಿರಿ ಅಂದರು, ಮಾಸ್ತರರು ಸುರಪುರ ಅಂದರು.

ಮಾಸ್ತರರ ಹಟಕ್ಕೆ ಕಾರಣವಿತ್ತು. ಮನೆಯಲ್ಲಿ ಎಂಬತ್ತು ದಾಟಿದ ಅವ್ವ ಇದ್ದಾಳೆ. ಬೆನ್ನು ನೋವು, ಬಸ್ಸಿನ ಕುಲುಕಾಟ ತಡೆಯುವುದಿಲ್ಲ ಅಂತ ಎಲ್ಲಿಗೂ ಹೊರಡುವುದಿಲ್ಲ. ಮದುವೆ ಯಾದಗಿರಿಯಲ್ಲಾದರೆ ಮೊಮ್ಮಗಳ ತಲೆಗೆ ಅಕ್ಕಿಕಾಳು ಹಾಕುವ ಭಾಗ್ಯ ಆ ಮುದುಕಿಗೆ ಇಲ್ಲ. ಇದನ್ನು ಹೇಳುವಾಗ ಮಾತ್ರ ಮಾಸ್ತರರ ದನಿ ಸೀಟಿ ಊದುವವರ ದನಿಯಂತೆ ಇರಲಿಲ್ಲ. ಮಾತುಕತೆಗೆ ನನ್ನನ್ನೂ ಕರೆದಿದ್ದರು, ನಾನೂ ಅಲ್ಲೇ ಇದ್ದೆ. ತಮಾಷೆ ಮಾಡಲಿಲ್ಲ, ಇದನ್ನು ನಂಬಿರಿ.

ಮಾತು ಮುರಿಯುವ ಹೊತ್ತಿಗೆ ಒಗ್ಗರಣೆ ಮಂಡಕ್ಕಿಯ ಸೂಸಲಾ, ಮಿರ್ಚಿ ಭಜಿ ಬಂತು. ತಿನ್ನುತ್ತ ತಿನ್ನುತ್ತ ಇಬ್ಬರಿಗೂ ಗೊತ್ತಾಯಿತು, ಇಬ್ಬರೂ ಅದೇ ಟ್ರ್ಯಾಕ್ಟರ್ ಆಟದವರು. ಮುಂದಿನದು ಗಂಡಸರ ಕೆಲಸ. ಭಾನುವಾರ ಬೆಳಿಗ್ಗೆ ಅವರವರ ಮನೆಯಿಂದಲೇ ಆಡುವುದು, ಮೂರು ಗುಡ್ಡ, ಗೆದ್ದವರ ಊರಿನಲ್ಲಿ ಮದುವೆ ಅಂತ ಕೈ ಮೇಲೆ ಕೈ ಹಾಕಿದರು. ಹೆಂಗಸರು ನಕ್ಕರು. ಆಮೇಲೆ ಇವರು ನಗುತ್ತಿಲ್ಲ ಅನ್ನುವುದು ಕಂಡು ಅವರೂ ನಿಲ್ಲಿಸಿದರು.

ಮದುಮಗಳು ಬಾಗಿಲ ಹಿಂದಿನಿಂದ ಒಂದೇ ಮಾತು ಹೇಳಿದಳು. "ಇವರಿಬ್ಬರು ಗುಡ್ಡ ಹತ್ತೂದ್ರಾಗ ನಾವಿಬ್ಬರು ದಾರ್ಯಾಗಿನ ಭೀಮಾ ಸೇತುವಿ ಮ್ಯಾಲ ಲಗ್ನ ಆಗಿ ಬರತೀವಿ."

೪. ನಿಜ ಹೇಳಿದ ಒಂದು ದಿನ

ಮರುದಿನ ಬೀಗರು ನನ್ನ ಅಂಗಡಿಗೆ ಬಂದರು. ಬಗಲಲ್ಲಿ ಲ್ಯಾಪ್‌ಟಾಪ್, ಮುಖದಲ್ಲಿ ಕಳ್ಳಕಳೆ. ಅವರ ದೂರೂ ಅದೇ, ಹದಿನೈದು ನಿಮಿಷಕ್ಕೆ ಟ್ರ್ಯಾಕ್ಟರಿಗೆ ದಮ್ಮು ಹತ್ತುತ್ತದೆ. ಅಡತಿ ಅಂಗಡಿಯ ಗಾದಿಯ ಮೇಲೆ ಕೂತು, ತೊಡೆಯ ಮೇಲೆ ಹತ್ತಿಯ ತಲೆದಿಂಬು, ಅದರ ಮೇಲೆ ಲ್ಯಾಪ್‌ಟಾಪ್. ಬಿಚ್ಚಿದರೆ ಒಳಗೆ ಬೊಗಸೆ ತುಂಬ ತೊಗರಿ ಹೊಟ್ಟು, ನಡುನಡುವೆ ಕಾಳು. ಒಂದು ಮಳೆ ಬಿದ್ದಿದ್ದರೆ ಮೊಳಕೆ ಒಡೆಯುತ್ತಿತ್ತು.

ನಾನು ಅವರಿಗೆ ದಿಂಬು ಇನ್ನೂ ಒಂದು ಹೆಚ್ಚಿಗೆ ಇಡಿ ಅಂತ ಹೇಳಿ ಕಳಿಸಿದೆ. ಊರ ತುಂಬ ಹೀಗೇ ಹೇಳಿಕೊಂಡು ತಿರುಗಿದ್ದೇನೆ. ನಿಮ್ಮ ಮುಂದೆ ಯಾಕೆ ಮುಚ್ಚುಮರೆ, ಅದು ಸುಳ್ಳು. ಅವತ್ತು ನಾನು ಹೇಳಿದ್ದು ಶುದ್ಧ ನಿಜ. ದಿಂಬು ತೆಗೆಯಿರಿ, ಗಟ್ಟಿ ಹಲಗೆ ಇಡಿ, ತಳಕ್ಕೆ ಗಾಳಿ ಬಿಡಿ ಅಂದೆ. ಹೊಟ್ಟು ಊದಿ ತೆಗೆದು ಕೊಟ್ಟೆ. ಯಾಕೋ ಆ ಒಂದು ದಿನ ಧರ್ಮ ಬಿಡಬಾರದು ಅನಿಸಿತ್ತು.

ಬೀಗರು ನನ್ನ ಮುಖವನ್ನೇ ದಿಟ್ಟಿಸಿದರು. "ನೀವು ಮಾಸ್ತರರ ದೋಸ್ತ. ಅವರ ಲ್ಯಾಪ್‌ಟಾಪ್ ಬೇವಿನ ಗಿಡಕ್ಕ ಕಟ್ಟಿಸಿದವರು. ಹಲಗಿ ಇಡು ಅಂತೀರಿ ಅಂದ್ರ ಅದರಾಗ ಏನೋ ಅದ."

ಮನೆಗೆ ಹೋಗಿ ನನ್ನ ಮಾತಿಗೆ ಸರೀ ಉಲ್ಟಾ ಮಾಡಿದರು. ಒಂದು ದಿಂಬು ಇದ್ದದ್ದು ಎರಡಾಯಿತು. ಜೀವನದಲ್ಲಿ ಒಮ್ಮೆ ನಿಜ ಹೇಳಿದ್ದಕ್ಕೆ ಒಬ್ಬ ಮನುಷ್ಯನ ಟ್ರ್ಯಾಕ್ಟರ್ ಕೆಟ್ಟಿತು. ಅಂದಿನಿಂದ ನಾನು ಆ ಚಟಕ್ಕೆ ಹೋಗಿಲ್ಲ.

೫. ಮೂರನೇ ಗುಡ್ಡ

ಭಾನುವಾರ ಬೆಳಿಗ್ಗೆ ಸುರಪುರದ ಮನೆಯಲ್ಲಿ ನಾನೇ ಪಂಚ. ಯಾದಗಿರಿಯ ಕಡೆಯಿಂದ ಫೋನಿನಲ್ಲಿ ಬೀಗರ ದನಿ ಕೇಳುತ್ತಿತ್ತು. ಮಾಸ್ತರರು ಹೊರಸಿನ ಮೇಲೆ ಕೂತರು. ಎದುರಿಗೆ ಕೂಲರ್ ಬೀಸುತ್ತಿತ್ತು. ಅವ್ವ ಗೋಡೆಗೆ ಆತು ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದಳು.

ಮೊದಲ ಗುಡ್ಡಕ್ಕೆ ಮಾಸ್ತರರು ಅಭ್ಯಾಸದಂತೆ ಕೌದಿ ಹಾಸಿಕೊಂಡರು. ಮೇಲಿನಿಂದ ಎಷ್ಟು ಗಾಳಿ ಬಂದರೇನು, ಮೂಗು ಕೆಳಗಿದೆ. ಮುಕ್ಕಾಲು ಗುಡ್ಡ ಹತ್ತಿದ ಟ್ರ್ಯಾಕ್ಟರ್ ಆಮೆಯಾಯಿತು. ಬೀಗರು ಗೆದ್ದರು.

ಎರಡನೆಯದಕ್ಕೆ ಕೌದಿ ಬಿಸಾಕಿ ಬರೀ ತೊಡೆಯ ಮೇಲೆ ಇಟ್ಟುಕೊಂಡರು. ಹಲ್ಲು ಕಚ್ಚಿ ಆಡಿದರು. ಅದು ಆಟದ ಬಿಸಿಗೋ ಯಂತ್ರದ ಬಿಸಿಗೋ ಗೊತ್ತಾಗಲಿಲ್ಲ, ಕಣ್ಣಲ್ಲಿ ನೀರಿತ್ತು. ಅಷ್ಟರಲ್ಲಿ ಯಾದಗಿರಿಯಲ್ಲಿ ಎರಡು ದಿಂಬಿನ ಮೇಲೆ ಮಲಗಿದ್ದ ಲ್ಯಾಪ್‌ಟಾಪ್ ಪೂರ್ತಿ ಆರಿಹೋಯಿತು. ಮಾಸ್ತರರು ಗೆದ್ದರು. ಆದರೆ ತೊಡೆ ಕೆಂಪಗೆ ಟೊಮ್ಯಾಟೊ ಆಗಿತ್ತು. ಮೂರನೆಯದಕ್ಕೆ ಬರಿ ತೊಡೆ ಸಾಧ್ಯವಿಲ್ಲ, ಕೌದಿ ಹಾಕಿದರೆ ಸೋಲು ಖಂಡಿತ. ಮಾಸ್ತರರು ಅವ್ವನ ಕಡೆ ನೋಡಿ ತಲೆ ತಗ್ಗಿಸಿದರು. ಬೀಗರ ಯಂತ್ರ ತಣಿಯುವವರೆಗೆ ಹತ್ತು ನಿಮಿಷ ಬಿಡುವು.

ಆಗ ಅವ್ವ ಬೆಳ್ಳುಳ್ಳಿಯಿಂದ ತಲೆ ಎತ್ತಿದಳು.

"ತಮ್ಮಾ, ಬಿಸಿ ರೊಟ್ಟಿ ತಾಟಿನ್ಯಾಗ ಇಟ್ರ ಏನಾಗತದ?"

"ಬೆವತು ಮೆತ್ತಗಾಗತದ," ಅಂದರು ಮಾಸ್ತರರು.

"ಮತ್ತ ಎಲ್ಲಿ ಇಡತೀವಿ?"

ಹೈದರಾಬಾದಿನ ಯಂತ್ರ, ಶಹಾಪುರದ ಮೆಕ್ಯಾನಿಕ್, ಸುರಪುರದ ಮಾಸ್ತರ, ಎಲ್ಲರ ಮುಖವೂ ಅಡುಗೆಮನೆಯ ಕಡೆ ತಿರುಗಿತು. ಸೊಸೆ ಒಳಗೆ ಹೋಗಿ ಬಿದಿರಿನ ರೊಟ್ಟಿ ಬುಟ್ಟಿ ತಂದಳು. ಅವ್ವ ಅದನ್ನು ಮಗನ ತೊಡೆಯ ಮೇಲೆ ಬೋರಲು ಹಾಕಿ ಮೇಲೆ ಲ್ಯಾಪ್‌ಟಾಪ್ ಇಡಿಸಿದಳು. ಹೆಣಿಗೆಯ ಸಂದಿಯಲ್ಲಿ ಗಾಳಿ ಆಡಿತು. ಗಿರಣಿಯ ಸದ್ದು ಇಳಿದು ಬೆಕ್ಕಿನ ಗುರುಗುರು ಆಯಿತು. ತೊಡೆಯೂ ತಣ್ಣಗೆ, ಯಂತ್ರವೂ ತಣ್ಣಗೆ. ಮೂರನೇ ಗುಡ್ಡವನ್ನು ಮಾಸ್ತರರ ಟ್ರ್ಯಾಕ್ಟರ್ ಎಲ್ಲೂ ತಡೆಯದೆ ಹತ್ತಿತು. ತುದಿ ಮುಟ್ಟಿದಾಗ ಬೀಗರದು ಇನ್ನೂ ಅರ್ಧ ಏರಿನಲ್ಲಿ ಏದುಸಿರು ಬಿಡುತ್ತಿತ್ತು.

ಮಾಸ್ತರರು ಎದ್ದು ಕುಣಿದರು. ಕುಣಿಯುತ್ತ ಬುಟ್ಟಿಯ ಗುಟ್ಟನ್ನೂ ಹೇಳಿಬಿಟ್ಟರು. ಫೋನಿನಲ್ಲಿ ಬೀಗರು ತಕರಾರು ತೆಗೆದರು. "ಹಂಗಾರ ಗೆದ್ದವರು ನೀವಲ್ಲ, ನಿಮ್ಮ ಅವ್ವ. ಊರು ಅವರೇ ಹೇಳ್ಲಿ."

ಮಾಸ್ತರರಿಗೆ ಇನ್ನೇನು ಬೇಕು. ಇಷ್ಟೆಲ್ಲ ಹೋರಾಡಿದ್ದೇ ಆಕೆಗಾಗಿ. ಎದೆಯುಬ್ಬಿಸಿ ಫೋನನ್ನು ಅವ್ವನ ಬಾಯಿಯ ಹತ್ತಿರ ಹಿಡಿದರು.

"ಯಾದಗಿರಿ," ಅಂದಳು ಅವ್ವ.

ಮಾಸ್ತರರು ತೊದಲಿದರು. "ಅವ್ವಾ, ಬಸ್ಸಿನಾಗ ಬರಂಗಿಲ್ಲ ಅಂದಿದ್ದಿಯಲ್ಲ?"

"ಹಿಂದಿನ ಸೀಟಿನಾಗ ಕುಂಡ್ರಂಗಿಲ್ಲ ಅಂದಿದ್ದೆ. ನೀ ಮುಂದಿಂದು ಕೇಳಿದಿಯೇನು? ಕಾರ್ ತರಸು, ಡ್ರೈವರ್ ಮಗ್ಗಲ ಕುಂಡ್ರತೀನಿ."

ಆಮೇಲೆ ಬೆಳ್ಳುಳ್ಳಿಯ ಸಿಪ್ಪೆ ಕೊಡವಿಕೊಂಡು ತನ್ನ ಲೆಕ್ಕಾಚಾರ ಬಿಡಿಸಿ ಹೇಳಿದಳು. ಮದುವೆ ಇಲ್ಲಾದರೆ ಎಂಟು ದಿನ ಮೊದಲೇ ಒಲೆ ಹೂಡಿ ಸಾವಿರ ರೊಟ್ಟಿ ಬಡಿಯುವುದು ಯಾರು? ತಾನು ಮತ್ತು ಸೊಸೆ. "ಅಲ್ಲಾದ್ರ ಅವರು ಬಡೀತಾರ, ನಾ ಸಾಲಿನಾಗ ಮುಂದ ಕುಂತು ಉಣ್ಣತೀನಿ. ಪಲ್ಯಾದಾಗ ಉಪ್ಪು ಕಡಿಮಿ ಅಂತ ಹೆಸರೂ ಇಡತೀನಿ. ಅರವತ್ತು ವರ್ಷ ಬ್ಯಾರೇವರು ಇಟ್ಟದ್ದು ಕೇಳೀನಿ."

ಸೊಸೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಅಡುಗೆಮನೆಗೆ ಓಡಿದಳು. ಆ ಕಡೆ ಬೀಗರ ಕೈಯಿಂದ ಫೋನು ಕಸಿದುಕೊಂಡ ಸದ್ದು, ಅದರ ಬೆನ್ನಿಗೆ ಅವರ ಹೆಂಡತಿಯ ದನಿ.

"ಮಾಸ್ತರ್ರ, ಇನ್ನೊಂದು ಗುಡ್ಡ ಆಡ್ರಿ. ಈ ಸಲನೂ ನಮ್ಮವರು ಸೋಲತಾರ, ಅದಕ್ಕ ನಾ ಜವಾಬ್ದಾರಿ. ಆದ್ರ ಮದವಿ ಮಾತ್ರ ನಿಮ್ಮೂರಾಗೇ ಆಗ್ಲಿ."

ಮದುವೆ ಯಾದಗಿರಿಯಲ್ಲೇ ಆಯಿತು. ಮುದುಕಿ ಮುಂದಿನ ಸೀಟಿನಲ್ಲಿ ಕೂತು ಬಂದಳು, ದಾರಿಯುದ್ದಕ್ಕೂ ಡ್ರೈವರನಿಗೆ ಗೇರು ಹಾಕುವುದು ಕಲಿಸಿದಳು, ಅಕ್ಕಿಕಾಳು ಹಾಕಿದಳು, ಪಲ್ಯಕ್ಕೆ ಹೆಸರಿಟ್ಟಳು. ಈಗ ಈ ಮೂರೂ ಊರಿನಲ್ಲಿ ಆಟದ ಮಂದಿ ಲ್ಯಾಪ್‌ಟಾಪ್ ಬಿಸಿಯಾದರೆ ಸಂತೆಗೆ ಹೋಗಿ ಬುಟ್ಟಿ ತರುತ್ತಾರೆ. ಬುಟ್ಟಿ ಹೆಣೆಯುವವರಿಗೆ ಕೈ ಬಿಡುವಿಲ್ಲ, ನನ್ನ ಅಂಗಡಿಗೆ ನೊಣ ಬಿಟ್ಟರೆ ಗಿರಾಕಿಯಿಲ್ಲ. ಇದರಲ್ಲಿ ಎಷ್ಟು ನಿಜ ಅಂತ ಕೇಳಬೇಡಿ. ಇಷ್ಟು ಹೊತ್ತು ನಕ್ಕಿದ್ದು ನಿಜ ತಾನೇ? ಹಾಗಾದರೆ ಏಳುವಾಗ ನನ್ನ ಈ ಚಹಾದ ದುಡ್ಡೂ ನೀವೇ ಕೊಟ್ಟುಬಿಡ್ರಿ.