ಚಾಲಕರಿಲ್ಲದೆ ಹದಿನೆಂಟು ಅಡಿ

ಆಯುಧಪೂಜೆಗೆ ಐದು ದಿನ ಮೊದಲು, ಭಾನುವಾರ ಬೆಳಿಗ್ಗೆ ಹನ್ನೊಂದೂವರೆಗೆ, ಪಟ್ಟಂದೂರು ಅಗ್ರಹಾರದ ನಮ್ಮ ಗಲ್ಲಿಯಲ್ಲಿ ನಮ್ಮ ಐವತ್ತು ವರ್ಷದ ಕಾರು, ಒಳಗೆ ಯಾರೂ ಇಲ್ಲದೆ, ಹದಿನೆಂಟು ಅಡಿ ಮುಂದಕ್ಕೆ ಚಲಿಸಿತು. ಜೀವಹಾನಿ ಇಲ್ಲ. ಒಂದು ಟು-ಲೆಟ್ ಬೋರ್ಡು ಬಾಗಿದೆ. ದೂರವನ್ನು ಆಮೇಲೆ ಟೇಪು ಹಿಡಿದು ಅಳೆದವನು ನಾನು. ಘಟನೆಗೆ ಕಾರಣನಾದವನೂ ನಾನೇ.

ಕಾರು ನನ್ನದಲ್ಲ. ನನ್ನ ಹೆಂಡತಿ ವಸಂತಾಳ ತಂದೆಯದು. ಪೀಣ್ಯದ ಕಾರ್ಖಾನೆಯೊಂದರಲ್ಲಿ ಲೇತ್ ಮುಂದೆ ಆಯುಷ್ಯ ಕಳೆದ ಅವರು ಅದನ್ನು ಮಗಳಿಗೆ ಬಿಟ್ಟುಹೋದರು. ಓಡಿಸುವವಳು ಅವಳು. ಪಕ್ಕದಲ್ಲಿ ಕೂತು "ಎಡಗಡೆ ಆಟೋ ಬಂತು" ಎಂದು ವರದಿ ಮಾಡುವವನು ನಾನು. ನಮ್ಮ ಗಲ್ಲಿ ಇಳಿಜಾರು, ಕಾರಿನ ಹ್ಯಾಂಡ್‌ಬ್ರೇಕ್ ಸಡಿಲ. ಹಾಗಾಗಿ ಹನ್ನೊಂದು ವರ್ಷದಿಂದ ಮುಂದಿನ ಎಡಚಕ್ರದ ಮುಂದೆ, ಗೋಡೆ ಕಟ್ಟಲು ಬಳಸುವ ಒಂದು ಸೈಜುಗಲ್ಲು ಇಟ್ಟಿದ್ದೆವು. ಕಲ್ಲು ತನ್ನ ಕೆಲಸದಲ್ಲಿ ಒಂದು ದಿನವೂ ತಪ್ಪಿರಲಿಲ್ಲ.

ತೊಂದರೆ ಬಂದದ್ದು ನೋಂದಣಿ ನವೀಕರಣದ ಸಮಯಕ್ಕೆ. ತಪಾಸಣೆಯ ಅಧಿಕಾರಿ ಕಾರನ್ನು ಇಳಿಜಾರಿನಲ್ಲಿ ನಿಲ್ಲಿಸಲು ಹೇಳಿದರು. ಕಾರು ನಿಲ್ಲಲಿಲ್ಲ. ಗುರುವಾರ ಸರಿಮಾಡಿಸಿ ತನ್ನಿ ಎಂದು ಕಳಿಸಿದರು. ಅಷ್ಟರಲ್ಲಿ ವಸಂತಾಳ ತಮ್ಮ ಒಂದು ಸುದ್ದಿ ತಂದ. ಬ್ರೂಕ್‌ಫೀಲ್ಡ್‌ನ ಒಂದು ಕಾಫಿ ಅಂಗಡಿಯವರು ಈ ಕಾರನ್ನು ಕೇಳುತ್ತಿದ್ದಾರಂತೆ. ಎಂಜಿನ್ ತೆಗೆದು, ಬಾನೆಟ್ಟಿನೊಳಗೆ ಗಿಡ ಬೆಳೆಸಿ, ಗಿರಾಕಿಗಳು ಫೋಟೋ ತೆಗೆಸಿಕೊಳ್ಳಲು ಇಡುತ್ತಾರಂತೆ.

"ಗುರುವಾರನೂ ಫೇಲ್ ಆದ್ರೆ ಕೊಟ್ಬಿಡ್ತೀನಿ," ಎಂದಳು ವಸಂತಾ. "ಅಲ್ಲಿ ನೆರಳಲ್ಲಾದ್ರೂ ಇರತ್ತೆ." ಹೇಳಿದವಳು ಅಡುಗೆಮನೆಗೆ ಹೋಗಿ ಬಹಳ ಹೊತ್ತು ಹೊರಗೆ ಬರಲಿಲ್ಲ.

ನಾನು ನಮ್ಮ ಮೆಕ್ಯಾನಿಕ್‌ಗೆ ಫೋನು ಮಾಡಿದೆ. "ಸಾರ್, ಹಬ್ಬದ ರಷ್ಷು. ಊರಲ್ಲಿರೋ ಗಾಡಿಯೆಲ್ಲ ಪೂಜೆಗೆ ಮುಂಚೆ ಸರ್ವೀಸ್ ಆಗ್ಬೇಕಂತೆ. ಹಬ್ಬ ಮುಗಿಸ್ಕೊಂಡು ಬನ್ನಿ," ಎಂದ. ವರ್ಷವಿಡೀ ಕೇಳದ ಗಾಡಿಯನ್ನು ಪೂಜೆಯ ಹಿಂದಿನ ವಾರ ನೆನೆಸಿಕೊಳ್ಳುವುದು ನಮ್ಮೂರಿನ ಪದ್ಧತಿ. ಆ ಸಾಲಿನಲ್ಲಿ ನಾನೂ ಇದ್ದುದರಿಂದ ದೂರುವಂತಿರಲಿಲ್ಲ. ನಾನೇ ಮಾಡುವುದೆಂದು ತೀರ್ಮಾನಿಸಿದೆ.

ಮೂವತ್ತು ವರ್ಷ ಪತ್ರಿಕೆಯ ಡೆಸ್ಕಿನಲ್ಲಿ ಕೂತು ಬೇರೆಯವರ ತಪ್ಪು ಹುಡುಕಿದವನು ನಾನು. ಎರಡು ಮೂಲಗಳಿಂದ ಖಚಿತವಾಗದ ಸುದ್ದಿಯನ್ನು ಅಚ್ಚಿಗೆ ಬಿಟ್ಟವನಲ್ಲ. ಇಲ್ಲಿಯೂ ಅದೇ ನಿಯಮ ಪಾಲಿಸಿ ಎರಡು ವಿಡಿಯೋ ನೋಡಿದೆ. ಎರಡೂ ಒಂದೇ ಮಾತು ಹೇಳಿದವು: ಕಾರಿನ ಕೆಳಗೆ ಕೇಬಲ್ ತುದಿಯಲ್ಲಿ ಒಂದು ನಟ್ ಇದೆ, ಅದನ್ನು ಬಿಗಿ ಮಾಡಿ. ಎರಡನೆಯದು ಮೊದಲನೆಯದೇ, ಸಂಗೀತ ಮಾತ್ರ ಬೇರೆ ಎಂಬುದು ಆಮೇಲೆ ಗೊತ್ತಾಯಿತು.

ಭಾನುವಾರ ಸ್ಪ್ಯಾನರ್ ಹಿಡಿದು ಹೊರಟಾಗ ವಸಂತಾ ಬಾಗಿಲಲ್ಲಿ ನಿಂತಿದ್ದಳು.

"ಅಪ್ಪ ಮೊದ್ಲು ಹಿಂದಿನ ಚಕ್ರ ಎತ್ತಿ, ಒಳಗಡೆ ಏನೋ ತಿರುಗಿಸ್ತಿದ್ರು. ಕೇಬಲ್ ಮುಟ್ತಿದ್ದಿದ್ದು ಕೊನೇಲಿ."

"ಖಚಿತವಾಗಿ ಗೊತ್ತಾ?"

"ಆಗ ನಂಗೆ ಹತ್ತು ವರ್ಷ. ಟಾರ್ಚ್ ಹಿಡೀತಿದ್ದೆ."

ಒಂದೇ ಮೂಲ, ಅದೂ ಬಾಲ್ಯದ ನೆನಪು ಎಂದುಕೊಂಡು ಬದಿಗಿಟ್ಟೆ. ಟಾರ್ಚ್ ಹಿಡಿದವಳನ್ನು ಪ್ರತ್ಯಕ್ಷದರ್ಶಿ ಎನ್ನುತ್ತಾರೆ ಎಂಬುದು ಆ ಕ್ಷಣ ನನಗೆ ಹೊಳೆಯಲಿಲ್ಲ.

ಕಾರಿನ ಹಿಂದೆ ಅಂಗಾತ ಮಲಗಿ ತಲೆ ಒಳಗೆ ಹಾಕಿದೆ. ಪಕ್ಕದ ರೂಮಿನ ಬಸವರಾಜ ಬಂದು ಕುಕ್ಕರುಗಾಲಿನಲ್ಲಿ ಕೂತ. ಯಾದಗಿರಿ ಕಡೆಯವನು. ಇಲ್ಲಿ ಕಟ್ಟಡಗಳಿಗೆ ಕಬ್ಬಿಣ ಕಟ್ಟುತ್ತಾನೆ, ಅದಕ್ಕೆ ಮೊದಲು ಊರಿನಲ್ಲಿ ಟ್ರ್ಯಾಕ್ಟರ್ ಓಡಿಸಿದವನು.

"ಸರ, ಬರೇ ತಂತಿ ಜಗ್ಗಿದ್ರ ಏನೂ ಆಗಂಗಿಲ್ರಿ. ಗಾಲಿ ಎತ್ತಿ ಒಳಗ ನೋಡ್ರಿ ಮೊದಲ."

"ಇದು ಟ್ರ್ಯಾಕ್ಟರ್ ಅಲ್ಲಪ್ಪ ಬಸವರಾಜ."

"ಹೌದ್ರಿ ಸರ. ಟ್ರ್ಯಾಕ್ಟರ್ ನಿಂದರ್ತದ."

ಹೀಗೆ ಎರಡನೆಯ ಮೂಲವೂ, ಮೊದಲನೆಯದಕ್ಕೆ ಸಂಬಂಧವಿಲ್ಲದೆ, ಅದೇ ಮಾತು ಹೇಳಿತ್ತು. ಡೆಸ್ಕಿನಲ್ಲಿ ಇಷ್ಟಾಗಿದ್ದರೆ ಮುಖಪುಟಕ್ಕೆ ಕಳಿಸುತ್ತಿದ್ದೆ. ಇಲ್ಲಿ ನಟ್ ತಿರುಗಿಸಿದೆ. ತಿರುಗುವಷ್ಟೂ ತಿರುಗಿಸಿದೆ.

ಲಿವರ್ ಎಳೆದರೆ ಒಂದೇ ಕಟಕ್ಕಿಗೆ ಬಂಡೆಯಂತೆ ನಿಂತಿತು. ಅಷ್ಟು ಸಂತೋಷ ನನಗೆ ನಿವೃತ್ತಿಯ ದಿನವೂ ಆಗಿರಲಿಲ್ಲ. ಸೈಜುಗಲ್ಲನ್ನು ಎತ್ತಿ, ಇನ್ನು ಮುಂದೆ ಇದರ ಸೇವೆ ಬೇಕಿಲ್ಲ ಎಂದು ಘೋಷಿಸಿದೆ. ನಮ್ಮ ಮನೆಯ ಓನರ್ ಮುನಿಯಮ್ಮ ನೋಡುತ್ತಿದ್ದರು.

"ಇಂಗ್ ಬಿಸಾಕ್ತೀಯೇನಪ್ಪ ಅದನ್ನ? ಇಷ್ಟ್ ವರ್ಷ ದುಡಿದದೆ. ಕೊಡಿಲ್ಲಿ, ತೊಳದು ಪೂಜೆಗಿಡ್ತೀನಿ," ಎಂದು ಕಲ್ಲನ್ನು ಬಸವರಾಜನ ಕೈಲಿ ಹೊರಿಸಿಕೊಂಡು ಗಲ್ಲಿಯ ಕೆಳಗಿರುವ ತಮ್ಮ ಗೇಟಿನ ಮುಂದೆ ಇಡಿಸಿಕೊಂಡರು.

ಪರೀಕ್ಷೆಗೆಂದು ವಸಂತಾ ಕಾರನ್ನು ಕೆರೆಯ ತನಕ ಓಡಿಸಿದಳು. ಅರ್ಧ ದಾರಿಯಲ್ಲಿ ಸುಟ್ಟ ವಾಸನೆ ಬಂತು.

"ಯಾರೋ ಕಸ ಸುಡ್ತಿದಾರೆ," ಎಂದೆ.

ಅವಳು ಮತ್ತೊಂದು ತಿರುವು ತಿರುಗಿಸಿದಳು. "ಕಸ ನಮ್ಮ ಹಿಂದೇನೇ ಬರ್ತಿದೆ ಕಣ್ರೀ."

ಮನೆ ಮುಂದೆ ನಿಂತಾಗ ಹಿಂದಿನ ಎರಡೂ ಚಕ್ರಗಳಿಂದ ತೆಳುವಾಗಿ ಹೊಗೆ ಏಳುತ್ತಿತ್ತು. ಕೇಬಲ್ ಅತಿಯಾಗಿ ಬಿಗಿಯಾಗಿ, ಬ್ರೇಕ್ ಬಿಟ್ಟರೂ ಬಿಡದೆ ಉಜ್ಜಿಕೊಂಡೇ ಬಂದಿತ್ತು. ಸ್ವಲ್ಪ ಸಡಿಲ ಮಾಡಿದರೆ ಸಾಕು ಎಂದು ನಾನು ಮತ್ತೆ ಕಾರಿನ ಹಿಂದೆ ಮಲಗಿದೆ.

"ಗೇರಲ್ಲಿ ಇಡ್ಲಾ?" ವಸಂತಾ ಇಳಿಯುವ ಮೊದಲು ಕೇಳಿದಳು.

"ಬೇಡ, ನ್ಯೂಟ್ರಲ್‌ನಲ್ಲೇ ಇರ್ಲಿ. ಹ್ಯಾಂಡ್‌ಬ್ರೇಕ್ ಹಾಕಿದೆಯಲ್ಲ."

ನಾನು ಸಡಿಲ ಮಾಡಲು ಹೊರಟದ್ದು ಆ ಹ್ಯಾಂಡ್‌ಬ್ರೇಕನ್ನೇ. ಈ ವಾಕ್ಯವನ್ನು ಬೇರೆ ಯಾರಾದರೂ ಬರೆದಿದ್ದರೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ ವಾಪಸು ಕಳಿಸುತ್ತಿದ್ದೆ.

ನಟ್ ಮೂರು ಸುತ್ತು ಬಂತು. ನಾಲ್ಕನೆಯ ಸುತ್ತಿಗೆ ಕಳಚಿ ಕೈಗೆ ಬಂತು. ಅಲ್ಲಿಯವರೆಗೆ ನನ್ನ ತಲೆ ಕಾರಿನ ಕೆಳಗಿತ್ತು. ಆಮೇಲೆ ಆಕಾಶದ ಕೆಳಗಿತ್ತು. ಸ್ಪ್ಯಾನರ್ ಮೇಲೆತ್ತಿ ಹಿಡಿದ ಕೈ ಹಾಗೇ ಇತ್ತು, ಕಾರು ಇರಲಿಲ್ಲ.

"ಹಿಡೀರೀ ಯಾರಾದ್ರೂ!" ಎಂದು ವಸಂತಾ ಓಡಿದಳು. ಬಸವರಾಜ ಬಾಗಿಲ ಹಿಡಿಗೆ ಕೈಹಾಕಿ ಜೊತೆಗೇ ಓಡಿದ. ಕಾರು ಅವಸರವಿಲ್ಲದೆ ಇಳಿದು, ಮುನಿಯಮ್ಮನವರ ಟು-ಲೆಟ್ ಬೋರ್ಡನ್ನು ಬಗ್ಗಿಸಿ, ಗೇಟಿಗೆ ಗೇಣು ದೂರದಲ್ಲಿ ಟಕ್ಕೆಂದು ನಿಂತಿತು. ಮುಂದಿನ ಚಕ್ರದಡಿ, ಆಗಷ್ಟೇ ತೊಳೆದು ಅರಿಶಿನ ಹಚ್ಚಿದ ನಮ್ಮ ಸೈಜುಗಲ್ಲು ಇತ್ತು.

ಮುನಿಯಮ್ಮ ಕಲ್ಲನ್ನು ನೋಡಿದರು, ನನ್ನನ್ನು ನೋಡಿದರು. "ರಿಟೈರ್ ಮಾಡ್ಸಿದ್ಯಲ್ಲಪ್ಪ, ಅದು ಒಪ್ಕಂಡಿಲ್ಲ," ಎಂದರು.

ವಸಂತಾ ಒಳಗೆ ಹೋಗಿ ಹಳೆಯ ಬಿಸ್ಕತ್ತಿನ ಡಬ್ಬಿ ತಂದಳು. ಅದರಲ್ಲಿ ಅವಳಪ್ಪ ಲೇತಿನಲ್ಲಿ ಕಡೆದು ಮಾಡಿಕೊಂಡಿದ್ದ ಚೌಕ ಬಾಯಿಯ ಒಂದು ಸಣ್ಣ ಕೀಲಿ ಇತ್ತು. ಕಾರನ್ನು ಸಮತಟ್ಟು ಜಾಗಕ್ಕೆ ತಳ್ಳಿ, ಬ್ರೇಕ್ ತಣ್ಣಗಾಗುವ ತನಕ ಕಾದರು. ಬಸವರಾಜ ಹಿಂದಿನ ಚಕ್ರಗಳನ್ನು ಎತ್ತಿದ. ಅವಳು ಒಂದೊಂದು ಚಕ್ರದ ಹಿಂದೆಯೂ ಕೀಲಿ ಹಾಕಿ ತಿರುಗಿಸಿ ಒಳಗಿನ ಬ್ರೇಕ್ ಬಿಗಿ ಮಾಡಿ, ಚಕ್ರವನ್ನು ಕೈಯಲ್ಲಿ ಸುತ್ತಿ, ತಲೆ ಓರೆ ಮಾಡಿ ಸದ್ದು ಕೇಳಿದಳು. ಯಾರು ಕಲಿಸಿದರು ಎಂದು ಕೇಳುವ ಅಗತ್ಯವಿರಲಿಲ್ಲ. ಮದುವೆಯಾಗಿ ಇಷ್ಟು ವರ್ಷವಾದರೂ ಆ ಟಾರ್ಚಿನ ಬೆಳಕಿನಲ್ಲಿ ಅವಳು ಏನೇನು ನೋಡಿದ್ದಳು ಎಂದು ನಾನು ಒಮ್ಮೆಯೂ ಕೇಳಿರಲಿಲ್ಲ. ಕಳಚಿದ್ದ ಕೇಬಲ್ ನಟ್ಟನ್ನು ಮತ್ತೆ ಹಾಕುವ ಸರದಿ ಕೊನೆಯಲ್ಲಿ ಬಂತು, ಬಿಗಿ ಮಾಡಿದ್ದು ಎರಡೇ ಸುತ್ತು.

"ನಾನೇನು ಮಾಡ್ಲಿ?" ಎಂದೆ.

"ಟಾರ್ಚ್ ಹಿಡೀರಿ."

ಹಾಡಹಗಲು. ಆದರೂ ಹಿಡಿದೆ.

ಗುರುವಾರ ಕಾರು ಇಳಿಜಾರಿನಲ್ಲಿ ನಿಂತಿತು. ಅಧಿಕಾರಿ ಹಿಂದಿನಿಂದ ಒಮ್ಮೆ ತಳ್ಳಿಯೂ ನೋಡಿದರು. "ಬ್ರೇಕ್ ಯಾರ ಹತ್ರ ಮಾಡಿಸಿದ್ರಿ ಸಾರ್?" ಎಂದು ನನ್ನನ್ನು ಕೇಳಿದರು. ನಾನು ವಸಂತಾಳನ್ನು ತೋರಿಸಿದೆ. ಅವರು ಅವಳ ಹಿಂದೆ ಯಾರಾದರೂ ಇದ್ದಾರೆಯೇ ಎಂದು ಬಗ್ಗಿ ನೋಡಿದರು.

ಶುಕ್ರವಾರ ಆಯುಧಪೂಜೆ. ವಸಂತಾ ತಟ್ಟೆಯಲ್ಲಿ ಅಪ್ಪನ ಕೀಲಿ, ಜ್ಯಾಕ್, ಟಾರ್ಚ್ ಇಟ್ಟು ಕುಂಕುಮ ಹಚ್ಚಿದಳು. ನನ್ನ ಸ್ಪ್ಯಾನರ್ ಕಾಣಲಿಲ್ಲ.

"ಬಸವರಾಜನಿಗೆ ಕೊಟ್ಟೆ. ನಿಮ್ಮದನ್ನ ಇಲ್ಲಿ ಇಟ್ಟಿದೀನಿ ನೋಡಿ," ಎಂದಳು. ತಟ್ಟೆಯ ಅಂಚಿನಲ್ಲಿ ನನ್ನ ಕೆಂಪು ಪೆನ್ನು ಇತ್ತು.

ನೋಂದಣಿ ನವೀಕರಣವಾಗಿದೆ. ಕಾಫಿ ಅಂಗಡಿಯವರು ಬೇರೆ ಕಾರು ಹುಡುಕುತ್ತಿದ್ದಾರೆ. ಟು-ಲೆಟ್ ಬೋರ್ಡು ಬಾಗಿದಂತೆಯೇ ಇದೆ. ಇದನ್ನು ಬರೆಯುವ ಹೊತ್ತಿಗೆ ಕಾರು ಗಲ್ಲಿಯಲ್ಲಿ ನಿಂತಿದೆ, ಹ್ಯಾಂಡ್‌ಬ್ರೇಕ್ ಐದನೆಯ ಕಟಕ್ಕಿನಲ್ಲಿದೆ, ಗೇರಿನಲ್ಲಿದೆ, ಮುಂದಿನ ಎಡಚಕ್ರದ ಮುಂದೆ ಕಲ್ಲು ಇದೆ.